ಲಾಂಗ್ ವೀಕೆಂಡ್ ಮತ್ತು ಸಮುದ್ರದ ಕ್ಯಾಲೆಂಡರ್

ಇವತ್ತು ಕ್ಲೌಡೂ ಇಲ್ಲ, ಇಂಟರ್‌ವ್ಯೂ ಟಿಪ್ಸೂ ಇಲ್ಲ. ಇವತ್ತಿನ ಮಾತು ಸಮುದ್ರ ತೀರದ ಪ್ರವಾಸದ ಬಗ್ಗೆ. ಕೊಂಢವಾದ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಪ್ರತಿ ವರ್ಷ ಜುಲೈ ಬಂದ ಕೂಡಲೇ ಒಂದು ಪೋಲ್ ಬೀಳುತ್ತದೆ: ಆಗಸ್ಟ್ 15ರ ಸುತ್ತ ಎಲ್ಲಿ ಹೋಗೋಣ? ಆಯ್ಕೆಗಳೂ ಪ್ರತಿ ವರ್ಷ ಅವೇ. ಅಲಿಬಾಗ್, ಗೋವಾ, ಗೋಕರ್ಣ, ಮುರುಡೇಶ್ವರ. ನಾಲ್ಕೂ ಸಮುದ್ರ, ನಾಲ್ಕೂ ಮಳೆಗಾಲದಲ್ಲಿ.

ನಮ್ಮ ಗುಂಪಿನಲ್ಲಿ ಹೆಚ್ಚಿನವರು ಯಾವ ಕಡೆಯವರು ನೋಡ್ರಿ. ವಿಜಯಪುರ, ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ. ನಾನು ಬಾಗಲಕೋಟೆ ಕಡೆಯವನು. ನಮ್ಮ ಪಾಲಿಗೆ ನೀರು ಅಂದರೆ ಬಾವಿ, ಕೆರೆ, ಕಾಲುವೆ, ಬಹಳ ಆದರೆ ಕೃಷ್ಣಾ ನದಿ. ಪುಣೆಗೆ ಬಂದ ಮೇಲೆ ಸಮುದ್ರ ಹತ್ತಿರ ಆಯಿತು. ಭೂಪಟದ ಮೇಲೆ ನೇರ ಗೆರೆ ಎಳೆದರೆ ಇಲ್ಲಿಂದ ಕಡಲ ತೀರ ನೂರು ಕಿಲೋಮೀಟರ್ ಆಸುಪಾಸು. ನಡುವೆ ಸಹ್ಯಾದ್ರಿ ಇರುವುದರಿಂದ ರಸ್ತೆ ಮಾತ್ರ ಸುತ್ತಿ ಸುತ್ತಿ ಹೋಗುತ್ತದೆ. ದೂರ ಕಮ್ಮಿ ಆಯಿತು, ಪರಿಚಯ ಬೆಳೆಯಲಿಲ್ಲ.

ನಾನು ಹೇಳಬೇಕಾದ ಮಾತು ಒಂದೇ. ನಾವು ಸಮುದ್ರಕ್ಕೆ ಹೋಗುವ ದಿನವನ್ನು ಎಚ್‌ಆರ್ ಕಳಿಸಿದ ರಜೆ ಪಟ್ಟಿ ನೋಡಿ ಗೊತ್ತು ಮಾಡುತ್ತೇವೆ. ಸಮುದ್ರಕ್ಕೆ ಅದರದ್ದೇ ಒಂದು ಕ್ಯಾಲೆಂಡರ್ ಇದೆ. ಆ ಎರಡು ಕ್ಯಾಲೆಂಡರ್‌ಗಳು ತಿರುಗಾಮುರುಗಾ ಇವೆ. ಸ್ವಾತಂತ್ರ್ಯ ದಿನ, ಗಣೇಶ ಚತುರ್ಥಿ, ನಮ್ಮ ದೊಡ್ಡ ರಜೆಗಳು ಅರಬ್ಬಿ ಸಮುದ್ರ ಕೆರಳಿರುವ ತಿಂಗಳುಗಳಲ್ಲೇ ಬರುತ್ತವೆ.

ಮೊದಲು ಒಂದು ನಿಮಿಷ ಇಂಗ್ಲೆಂಡಿಗೆ ಹೋಗಿ ಬರೋಣ. ಯಾಕೆ ಅಂದರೆ ಕೂಲಿ ಮಾಡುವ ಜನ ರಜೆ ತಗೊಂಡು ಸಮುದ್ರಕ್ಕೆ ಹೋಗಿ ಮಜಾ ಮಾಡುವುದು ಅನ್ನೋ ಪದ್ಧತಿ ದೊಡ್ಡದಾಗಿ ಬೆಳೆದದ್ದು ಅಲ್ಲಿ. ಆನ್‌ಸೈಟ್ ಅಂತ ಮ್ಯಾಂಚೆಸ್ಟರ್ ಕಡೆ ಇದ್ದವರು ಬ್ಲ್ಯಾಕ್‌ಪೂಲ್ ನೋಡಿರಬಹುದು. ಆ ಊರಿಗೆ 1846ರಲ್ಲಿ ರೈಲು ಬಂತು. ಲ್ಯಾಂಕಾಶೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ಬೇಸಿಗೆಯಲ್ಲಿ ಒಂದು ವಾರ ಇಡೀ ಊರಿನ ಗಿರಣಿ ಮುಚ್ಚುವ ರೂಢಿ ಇತ್ತು, ವೇಕ್ಸ್ ವೀಕ್ ಅನ್ನುತ್ತಿದ್ದರು. ಒಂದೊಂದು ಊರಿಗೆ ಒಂದೊಂದು ವಾರ. ಗಿರಣಿ ನಿಂತ ಕೂಡಲೇ ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್‌ಗೆ ಹೋಗುತ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೋಡ್ ಬ್ಯಾಲೆನ್ಸಿಂಗ್ ತಾನಾಗೇ ಆಗಿಬಿಟ್ಟಿತ್ತು.

ಅಷ್ಟು ಜನ ಅಲ್ಲಿ ಹೋಗಿ ಏನು ಮಾಡುತ್ತಿದ್ದರು? ನೀರಿಗೆ ಇಳಿಯೋದು ಆ ದಿನದ ಸಣ್ಣ ಪಾಲು ಮಾತ್ರ. ಅಲ್ಲಿನ ಸಮುದ್ರ ಬೇಸಿಗೆಯಲ್ಲೂ ತಣ್ಣಗೇ ಇರುತ್ತದೆ. ಹಾಗಾಗಿ ಊರು ದಡದ ಮೇಲೇ ಎಲ್ಲ ಕಟ್ಟಿಕೊಂಡಿತು. ಸಮುದ್ರದ ಒಳಕ್ಕೆ ಚಾಚಿದ ಪಿಯರ್, ಕಾಲು ಒದ್ದೆ ಆಗದೆ ಅಲೆಗಳ ಮೇಲೆ ನಡೆದಾಡಲಿಕ್ಕೆ. ಮೊದಲನೆಯದು 1863ರಲ್ಲಿ ತೆರೆಯಿತು, ಅಂಥವು ಅಲ್ಲಿ ಮೂರು ಇವೆ. 1885ರಲ್ಲೇ ವಿದ್ಯುತ್ ಟ್ರಾಮ್. 1894ರಲ್ಲಿ ಐಫೆಲ್ ಗೋಪುರ ನೋಡಿ ಕಟ್ಟಿದ 158 ಮೀಟರ್ ಟವರ್, ಅದರ ನಾಲ್ಕು ಕಾಲುಗಳ ನಡುವೆ ಸರ್ಕಸ್, ಮಗ್ಗುಲಲ್ಲಿ ಬಾಲ್‌ರೂಮ್. ಇನ್ನೊಂದು ಜಾಣತನ ನನಗೆ ಬಹಳ ಹಿಡಿಸಿತು. ಅಲ್ಲಿ ಸೀಸನ್ ಬೇಸಿಗೆಗೆ ಮುಗಿಯಬೇಕು. ಆದರೆ 1879ರಲ್ಲಿ ಆರ್ಕ್ ದೀಪ ಹಾಕಿ ಶುರು ಮಾಡಿದ ದೀಪೋತ್ಸವ ಬೆಳೆದು, ಇವತ್ತು ಚಳಿ ಶುರುವಾಗುವ ತಿಂಗಳುಗಳಲ್ಲೂ ಜನ ಬರೀ ದೀಪ ನೋಡಲಿಕ್ಕೆ ಅಲ್ಲಿಗೆ ಬರುತ್ತಾರೆ. ಸಮುದ್ರಕ್ಕೆ ಇಳಿಯಲಾಗದ ಕಾಲಕ್ಕೂ ಊರಿನ ಹತ್ತಿರ ತೋರಿಸಲಿಕ್ಕೆ ಏನೋ ಇದೆ ಅಂತ ಅರ್ಥ.

ಈ ಕಥೆಗೂ ನಮಗೂ ಏನು ಸಂಬಂಧ ಅಂತೀರಾ? ಆ ಗಿರಣಿಗಳಿಗೆ ಹತ್ತಿ ಬೇಕಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು. ಮ್ಯಾಂಚೆಸ್ಟರ್ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು, ಅದನ್ನು ಹಡಗಿಗೆ ಏರಿಸಲು ಕಾರವಾರದ ಬಂದರಿನ ಮೇಲೆ ಬಿತ್ತು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ ಇದ್ದದ್ದು ಈ ಕೆಲಸಕ್ಕೆ ಅಡ್ಡಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದರು. ಹತ್ತಿಯ ಒತ್ತಡ ಅದಕ್ಕೆ ಒಂದು ಮುಖ್ಯ ಕಾರಣ. ಹೀಗೆ ನಮ್ಮ ಎರೆ ಹೊಲದ ಹತ್ತಿಯ ದಾರಿ, ಬ್ಲ್ಯಾಕ್‌ಪೂಲ್‌ನಲ್ಲಿ ಕುಣಿಯುತ್ತಿದ್ದ ಗಿರಣಿ ಕೆಲಸಗಾರರ ದಾರಿ, ಎರಡೂ ಕಾರವಾರದ ಹತ್ತಿರ ಒಂದನ್ನೊಂದು ಮುಟ್ಟುತ್ತವೆ. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು, ಕಾರವಾರ ಹಿಂದೆ ಬಿತ್ತು. ಆ ಹಿಂದೆ ಬಿದ್ದದ್ದರಿಂದಲೇ ಇವತ್ತು ಅಲ್ಲಿ ನಮಗೆ ಅಷ್ಟು ಖಾಲಿ ಮರಳು ಉಳಿದಿದೆಯೋ ಏನೋ.

ಕಾರವಾರ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರಿಂದಲೇ ಆ ಪ್ರಾಂತ್ಯದ ಐಸಿಎಸ್ ಅಧಿಕಾರಿ ಸತ್ಯೇಂದ್ರನಾಥ ಟ್ಯಾಗೋರ್ ಅಲ್ಲಿಗೆ ಜಿಲ್ಲಾ ನ್ಯಾಯಾಧೀಶರಾಗಿ ಬಂದರು. ಐಸಿಎಸ್ ಸೇರಿದ ಮೊದಲ ಭಾರತೀಯ ಅವರೇ. ಅಣ್ಣನ ಮನೆಗೆ ಬಂದ ತಮ್ಮ ರವೀಂದ್ರನಾಥರಿಗೆ ಆಗ ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು, ಅಂದರೆ ನಮ್ಮಲ್ಲಿ ಕ್ಯಾಂಪಸ್ ಪ್ಲೇಸ್‌ಮೆಂಟ್ ಆಗೋ ವಯಸ್ಸು. ಅಲ್ಲಿ ಅವರು ಒಂದು ನಾಟಕ ಬರೆದರು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಪಯಣ ಮಾಡಿದರು, ಅದನ್ನು ಆಮೇಲೆ ಆತ್ಮಕಥೆಯಲ್ಲಿ ನೆನೆದರು. ಊರಿನ ಬೀಚಿಗೆ ಈಗ ಅವರದೇ ಹೆಸರು. ಆ ನೆನಪಿನಲ್ಲಿ ಮುಖ್ಯವಾಗಿ ಇರುವುದು ನಡಿಗೆ, ಮರಳು, ನದಿ, ರಾತ್ರಿ. ಇದು ನನಗೆ ಬೇಕಾದ ಉದಾಹರಣೆ.

ಈಗ ಕರಾವಳಿಯವರ ಕ್ಯಾಲೆಂಡರ್ ನೋಡೋಣ. ತುಳುನಾಡಿನಲ್ಲಿ ಪತ್ತನಾಜೆ ಅಂತ ಒಂದು ದಿನ ಇದೆ, ಮೇ ಕೊನೆಯ ವಾರದ ಸುಮಾರಿಗೆ ಬರುತ್ತದೆ. ಆ ದಿನಕ್ಕೆ ಜಾತ್ರೆ, ಕೋಲ, ಮೇಳದ ಯಕ್ಷಗಾನ ಎಲ್ಲ ಮುಗಿಯಬೇಕು. ಗೆಜ್ಜೆ ಬಿಚ್ಚಿ ಇಟ್ಟರೆ ಮತ್ತೆ ಕಟ್ಟುವುದು ಮಳೆ ಕಳೆದ ಮೇಲೆ. ಅದರ ಬೆನ್ನಿಗೆ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಮೀನಿನ ಸಂತಾನಕ್ಕೂ ಅದು ಬೇಕು, ಮೀನುಗಾರರ ಜೀವಕ್ಕೂ ಬೇಕು. ಮಲ್ಪೆ ಬಂದರಿನಲ್ಲಿ ಆಗ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಆಗಸ್ಟ್‌ನಲ್ಲಿ ಸಮುದ್ರ ಪೂಜೆ ಮಾಡಿ, ಹಾಲು ಹೂವು ಅರ್ಪಿಸಿ, ಆಮೇಲೆ ಹೊರಡುತ್ತಾರೆ. ನಮ್ಮ ಮಹಾರಾಷ್ಟ್ರದ ಕೋಳಿ ಜನ ನಾರಳಿ ಪೌರ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರಲ್ಲ, ಅದೂ ಇದೇ ಲೆಕ್ಕ.

ತಲೆಮಾರುಗಳಿಂದ ಆ ನೀರಿನ ಮೇಲೆ ಬದುಕಿದವರು ದೋಣಿ ಮೇಲೆತ್ತಿ ಕೂತಿರುವ ಹೊತ್ತಿನಲ್ಲಿ, ವರ್ಷಕ್ಕೊಮ್ಮೆ ಸಮುದ್ರ ನೋಡುವ ನಾವು ಟ್ರ್ಯಾಕ್ ಪ್ಯಾಂಟ್ ಮಡಚಿಕೊಂಡು ಇಳಿಯುತ್ತೇವೆ. ಇದು ಬೈಗುಳ ಅಲ್ಲ, ಇರೋ ಸ್ಥಿತಿ ಹೇಳಿದೆ.

ಮಳೆಗಾಲ ಬಿಟ್ಟರೆ ಎಲ್ಲ ಸರಿ ಅಂತಲೂ ತಿಳಿಯಬೇಡಿ. 2016ರ ಫೆಬ್ರವರಿ 1ರಂದು ರಾಯಗಡ ಜಿಲ್ಲೆಯ ಮುರುಡ್ ಬೀಚಿನಲ್ಲಿ ಪುಣೆಯ ಒಂದು ಕಾಲೇಜಿನ 14 ವಿದ್ಯಾರ್ಥಿಗಳು ಮುಳುಗಿ ಸತ್ತರು. ಪಿಕ್ನಿಕ್ಕಿಗೆ ಹೋದವರು. ಮಳೆ ಇರಲಿಲ್ಲ, ರಾತ್ರಿಯೂ ಆಗಿರಲಿಲ್ಲ. ನಮ್ಮ ಮುರುಡೇಶ್ವರದಲ್ಲಿ 2024ರ ಡಿಸೆಂಬರ್ 10ರಂದು ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ಕು ಹುಡುಗಿಯರು ಹೋದರು. ಆ ಮೇಲೆ ಆಡಳಿತ ಬೀಚನ್ನು ಕೆಲ ಕಾಲ ಮುಚ್ಚಿತು. ಮುರುಡ್, ಮುರುಡೇಶ್ವರ, ಹೆಸರು ಹತ್ತಿರ ಹತ್ತಿರ ಇವೆ ಅಷ್ಟೇ, ಊರುಗಳು ಬೇರೆ ಬೇರೆ. ಆದರೆ ಎರಡು ಕಡೆಯೂ ಹೋದವರು ನಮ್ಮಂಥವರು. ಪುಣೆ, ಕೋಲಾರ, ಎರಡೂ ಸಮುದ್ರ ಇಲ್ಲದ ಊರುಗಳು.

ಇಂಥ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ "ಸುಳಿಗೆ ಸಿಕ್ಕಿ" ಅಂತ ಬರೆಯುತ್ತಾರೆ. ಅನೇಕ ಸಲ ಅದು ಸುಳಿ ಆಗಿರುವುದಿಲ್ಲ, ಸೆಳೆತ ಆಗಿರುತ್ತದೆ. ರಿಪ್ ಕರೆಂಟ್ ಅನ್ನುತ್ತಾರೆ. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ಇದು ಅರ್ಥವಾದರೆ ಬೀಚಿನಲ್ಲಿ ನಾವು ನಿಲ್ಲುವ ಜಾಗವೇ ಬದಲಾಗುತ್ತದೆ.

ಅಲೆಗಳು ಒಂದೇ ಸಮನೆ ನೀರನ್ನು ದಡಕ್ಕೆ ತಂದು ಹಾಕುತ್ತಿರುತ್ತವೆ. ಆ ನೀರು ವಾಪಸ್ ಹೋಗಲೇಬೇಕು. ದಡದಿಂದ ಸ್ವಲ್ಪ ಮುಂದೆ ನೀರಿನ ಅಡಿಯಲ್ಲಿ ಮರಳಿನ ದಿಬ್ಬ ಇರುತ್ತದೆ. ಆ ದಿಬ್ಬದಲ್ಲಿ ಎಲ್ಲೋ ಒಂದು ಕಡೆ ತಗ್ಗು ಇದ್ದರೆ, ಬಂದ ನೀರೆಲ್ಲ ಆ ತಗ್ಗಿನ ದಾರಿ ಹಿಡಿದು ರಭಸದಿಂದ ಹೊರಗೆ ಹೋಗುತ್ತದೆ. ನಮ್ಮ ಹೊಲದ ಒಡ್ಡು ಒಂದು ಕಡೆ ಒಡೆದರೆ ಇಡೀ ಹೊಲದ ನೀರು ಅಲ್ಲೇ ನುಗ್ಗುತ್ತದಲ್ಲ, ಹಾಗೆ. ಜೋರಾದ ಸೆಳೆತ ಸೆಕೆಂಡಿಗೆ 2 ಮೀಟರ್ ದಾಟಬಹುದು, ಒಲಿಂಪಿಕ್ ಈಜುಗಾರರ ವೇಗವೂ ಅಷ್ಟೇ. ಮೋಸ ಎಲ್ಲಿದೆ ಅಂದರೆ, ಆ ತಗ್ಗಿನಲ್ಲಿ ಆಳ ಜಾಸ್ತಿ ಇರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎಡಕ್ಕೆ ಬಲಕ್ಕೆ ಬಿಳಿ ನೊರೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತ, ಸ್ವಲ್ಪ ಕಪ್ಪು. ಮಕ್ಕಳನ್ನು ಕರಕೊಂಡು ಬಂದವರು "ಇಲ್ಲಿ ಅಲೆ ಇಲ್ಲ, ಇಲ್ಲೇ ಇಳಿಯೋಣ" ಅಂತ ಹುಡುಕಿ ಹುಡುಕಿ ಹೋಗುವ ಜಾಗ ಅದೇ.

ಸೆಳೆತ ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ. ಮನುಷ್ಯ ಹೆದರಿ ನೇರ ದಡದ ಕಡೆಗೆ ಈಜಿ ಈಜಿ ಸೋತು ಮುಳುಗುತ್ತಾನೆ. ಸಿಕ್ಕಿಕೊಂಡರೆ ಮಾಡಬೇಕಾದ್ದು: ಅದರ ಜೊತೆ ಕುಸ್ತಿಗೆ ಬೀಳದೆ ಅಂಗಾತ ತೇಲುವುದು, ಒಂದು ಕೈ ಎತ್ತಿ ಕರೆಯುವುದು, ಈಜು ಬಂದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜುವುದು. ಆ ಪಟ್ಟಿ ಅಗಲ ಇರುವುದಿಲ್ಲ, ಹೊರಗೆ ಬಂದರೆ ಅಲೆಯೇ ದಡಕ್ಕೆ ತರುತ್ತದೆ. ದಡದಲ್ಲಿ ಇದ್ದವರು ಹಿಂದೆ ಮುಂದೆ ನೋಡದೆ ಹಾರಬಾರದು. ಒಬ್ಬನನ್ನು ಉಳಿಸಲು ಹೋಗಿ ಮತ್ತಿಬ್ಬರು ಹೋದ ಸುದ್ದಿ ನಾವು ಎಷ್ಟು ಓದಿಲ್ಲ! ಮುಚ್ಚಳ ಬಿಗಿದ ಐದು ಲೀಟರಿನ ಖಾಲಿ ನೀರಿನ ಕ್ಯಾನು, ಚೆಂಡು, ತೇಲುವಂಥದ್ದು ಏನಿದ್ದರೂ ಎಸೆಯಿರಿ, ಲೈಫ್‌ಗಾರ್ಡನ್ನು ಕರೆಯಿರಿ, 112ಕ್ಕೆ ಫೋನ್ ಮಾಡಿ.

ನಮ್ಮ ಕಡೆಯ ಗಂಡಸರಿಗೆ ಇನ್ನೊಂದು ಧೈರ್ಯ ಇರುತ್ತದೆ: "ನನಗೆ ಈಜು ಬರ್ತೈತಿ." ನಾವೆಲ್ಲ ಬಾವಿಯಲ್ಲಿ ಕಲಿತವರು. ಕಾಕಾ ಸೊಂಟಕ್ಕೆ ಹಗ್ಗ ಕಟ್ಟಿ ದೂಡುತ್ತಿದ್ದ, ನಾಲ್ಕು ದಿನದಲ್ಲಿ ಕೈಕಾಲು ಬಡಿಯೋದು ಬರುತ್ತಿತ್ತು. ಆದರೆ ಬಾವಿಯ ನೀರು ನಿಂತ ನೀರು. ನಾಲ್ಕು ಕೈ ಹೊಡೆದರೆ ಕಲ್ಲಿನ ಮೆಟ್ಟಿಲು ಸಿಗುತ್ತದೆ. ಸಮುದ್ರದಲ್ಲಿ ನೀರೇ ನಡೆಯುತ್ತಿರುತ್ತದೆ, ಹಿಡಿಯಲು ಮೆಟ್ಟಿಲು ಇಲ್ಲ. ಇಲ್ಲಿ ಸೊಸೈಟಿಯ ಪೂಲ್‌ನಲ್ಲಿ ಕಲಿತ ಮಕ್ಕಳಿಗೂ ಇದೇ ಮಾತು.

ಉಬ್ಬರ ಇಳಿತದ ಬಗ್ಗೆಯೂ ಒಂದು ಮಾತು. ಮುಂಬೈ, ರಾಯಗಡ ಕಡೆ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರದಲ್ಲಿ ನೀರಿನ ಮಟ್ಟ ನಾಲ್ಕು ಐದು ಮೀಟರ್ ಏರಿಳಿಯುತ್ತದೆ. ಮಂಗಳೂರು ಕಡೆ ಅದರ ಅರ್ಧವೂ ಇಲ್ಲ. ಹಾಗಾಗಿ ಅಲಿಬಾಗ್, ಕಾಶಿದ್ ಕಡೆಯ ಸಪಾಟು ಮರಳಿನಲ್ಲಿ ಮುಂಜಾನೆ ದೂರದವರೆಗೆ ನಡೆದು ಹೋದ ಜಾಗ ಮಧ್ಯಾಹ್ನಕ್ಕೆ ನೀರಿನೊಳಗೆ ಇರಬಹುದು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಸಮುದ್ರದ ಮುನ್ಸೂಚನೆ, ದೊಡ್ಡ ಅಲೆಗಳ ಎಚ್ಚರಿಕೆ ಕೊಡುತ್ತದೆ. ಅವರ "ಸಮುದ್ರ" ಅನ್ನೋ ಆ್ಯಪ್ ಇದೆ. ಹೊರಡುವ ಮುಂಚೆ ಟ್ರಾಫಿಕ್ ನೋಡ್ತೀವಲ್ಲ, ಇದನ್ನೂ ಒಮ್ಮೆ ತೆಗೆದು ನೋಡಿ.

ಸರಿ, ಹೆದರಿಸಿದ್ದು ಸಾಕು. ಎಲ್ಲಿಗೆ ಹೋಗಬೇಕು, ಹೋಗಿ ಏನು ಮಾಡಬೇಕು ಅನ್ನೋದಕ್ಕೆ ಬರೋಣ. ನೀರಿಗೆ ಇಳಿಯದೆಯೂ ಎರಡು ದಿನ ತುಂಬುವಂಥ ಊರು ಹುಡುಕುವುದು ನನ್ನ ಲೆಕ್ಕ. ಇಳಿಯುವುದು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಆ ಲೆಕ್ಕಕ್ಕೆ ಮಲ್ಪೆ ಮೊದಲು ಬರುತ್ತದೆ. ಇಲ್ಲಿ ಪುಣೆಯ ಕನ್ನಡ ಸಂಘದ ಶಾಲೆಗೆ ಕಲ್ಮಾಡಿ ಅನ್ನೋ ಹೆಸರಿದೆಯಲ್ಲ, ಆ ಕಲ್ಮಾಡಿ ಅನ್ನೋ ಊರು ಮಲ್ಪೆಯ ಮಗ್ಗುಲಲ್ಲೇ ಇದೆ. ಮಲ್ಪೆ ಬೀಚಿನಲ್ಲಿ 2016ರ ಜನವರಿಯಲ್ಲಿ ಉಚಿತ ವೈಫೈ ಹಾಕಿದರು, ದೇಶದ ಮೊದಲ ವೈಫೈ ಬೀಚು ಅಂತ ಹೆಸರಾಯಿತು. ಅದರಿಂದ ಏನು ಉಪಯೋಗ ಅಂತ ನನ್ನನ್ನು ಕೇಳಬೇಡಿ, ರಜೆಯಲ್ಲಿ ಮ್ಯಾನೇಜರ್ ಕಾಲ್ ಬರಲಿ ಅಂತ ಯಾರು ಬೇಡಿಕೊಳ್ತಾರೆ! ಅದಕ್ಕಿಂತ ಒಳ್ಳೆಯದು ಸೀ ವಾಕ್. ಅಲೆತಡೆಯ ಉದ್ದಕ್ಕೂ ಕಲ್ಲು ಹಾಸಿ ಮಾಡಿದ ನಡಿಗೆ ದಾರಿ. ಒಂದು ಕಡೆ ನದಿ ಸಮುದ್ರ ಸೇರುವ ಅಳಿವೆ, ಬಂದರಿಗೆ ವಾಪಸಾಗುವ ಬೋಟುಗಳು, ಇನ್ನೊಂದು ಕಡೆ ಬಯಲು ಸಮುದ್ರ. ಬ್ಲ್ಯಾಕ್‌ಪೂಲ್ ಪಿಯರ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಮೊಣಕಾಲು ನೋವಿರುವ ಅಪ್ಪ ಅಮ್ಮನನ್ನೂ ಕೂರಿಸಬಹುದು, ಮಕ್ಕಳನ್ನೂ ಸುಧಾರಿಸಬಹುದು.

ಇದೇ ಮಲ್ಪೆಯಲ್ಲಿ 2022ರ ಮೇ ತಿಂಗಳ ಮೊದಲ ವಾರದಲ್ಲಿ ತೇಲುವ ಸೇತುವೆ ಉದ್ಘಾಟನೆ ಆಯಿತು. ಮೂರೇ ದಿನಕ್ಕೆ ಅಲೆಗಳ ಹೊಡೆತಕ್ಕೆ ಬಿಡಿ ಭಾಗಗಳು ಕಳಚಿದವು. ಮಳೆಗಾಲದ ಬಾಗಿಲಲ್ಲಿ ಅದನ್ನು ನೀರಿಗೆ ಇಳಿಸಿದ್ದು ನೋಡಿದರೆ, ಅಲ್ಲೂ ಯಾರೋ ಸಮುದ್ರದ ಕ್ಯಾಲೆಂಡರ್ ಬಿಟ್ಟು ಬೇರೆ ಕ್ಯಾಲೆಂಡರ್ ನೋಡಿದ್ದರು ಅನಿಸುತ್ತದೆ. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ರಿಲೀಸ್ ಮಾಡುವವರ ಸಂತತಿ ಎಲ್ಲ ಕಡೆ ಇದೆ.

ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯ ಒಳಗೆ ಸೇಂಟ್ ಮೇರೀಸ್ ದ್ವೀಪ. ಊರಿನವರು ತೋನ್ಸೆಪಾರ್ ಅನ್ನುತ್ತಾರೆ. ನಾನು ಇಡೀ ಕರಾವಳಿಯಲ್ಲಿ ಒಂದೇ ಜಾಗ ಆರಿಸು ಅಂದರೆ ಇದನ್ನೇ ಆರಿಸ್ತೀನಿ. ಅಲ್ಲಿ ಬಂಡೆಗಳು ಕಂಬ ಕಂಬವಾಗಿ ನಿಂತಿವೆ, ಐದು ಮೂಲೆ, ಆರು ಮೂಲೆ, ಯಾರೋ ಉಳಿ ಹಿಡಿದು ಕಡಿದಂತೆ. ಲಾವಾ ತಣ್ಣಗಾಗುವಾಗ ಕುಗ್ಗಿ ಬಿರಿದದ್ದು ಇದು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಎರೆಮಣ್ಣು ಮೂಲೆ ಮೂಲೆಯಾಗಿ ಬಿರಿಯುವುದನ್ನು ನಾವು ನೋಡಿದ್ದೇವಲ್ಲ, ಅದೇ ತತ್ವ. ಬಿರುಕು ಮೇಲಿಂದ ಕೆಳಗೆ ಇಳಿದು ಇಳಿದು ಕಂಬ ಆಗುತ್ತದೆ. ಈ ಲಾವಾ ಹೊರಬಂದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದಲ್ಲಿ. ನಮ್ಮ ಕೊಂಢವಾದ ಗುಡ್ಡ, ಕಾತ್ರಜ್ ಘಾಟಿನ ಕಲ್ಲು ಡೆಕ್ಕನ್ ಲಾವಾ, ಅದಕ್ಕೆ ಸುಮಾರು 6.6 ಕೋಟಿ ವರ್ಷ. ಅಂದರೆ ನಾವು ದಿನಾ ತುಳಿಯುವ ಕಲ್ಲಿಗೆ ಆ ದ್ವೀಪದ ಕಲ್ಲು ದೊಡ್ಡಪ್ಪ ಆಗಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಗುರುತಿಸಿದೆ. ಅಲ್ಲಿ ಈಜುವಂತೆ ಇಲ್ಲ ಅಂತಲೇ ತಿಳಿಯಿರಿ. ಬಂಡೆ ಜಾರುತ್ತದೆ, ಚೂಪು ಚಿಪ್ಪುಗಳಿವೆ, ಸೆಲ್ಫಿಗೆ ಅಂಚಿಗೆ ಹೋದವರು ಜೀವ ಕಳಕೊಂಡಿದ್ದಾರೆ. ಮಕ್ಕಳಿಗೆ ಕಂಬಗಳ ಮೂಲೆ ಎಣಿಸುವ ಆಟ ಕೊಡಿ, ಒಂದು ಗಂಟೆ ಹೋಗುತ್ತದೆ. ಮಳೆಗಾಲದಲ್ಲಿ ಈ ದೋಣಿ ಇರುವುದಿಲ್ಲ, ಆಗಸ್ಟ್ 15ಕ್ಕೆ ಹೋದವರು ದಡದಿಂದ ಕೈ ಬೀಸಿ ಬರಬೇಕು.

ಕಾರವಾರದ ವಿಷಯ ಆಗಲೇ ಬಂತು. ಟ್ಯಾಗೋರ್ ಬೀಚಿನ ಪಕ್ಕದಲ್ಲೇ ಐಎನ್‌ಎಸ್ ಚಪಲ್ ಅನ್ನೋ ನಿವೃತ್ತ ಕ್ಷಿಪಣಿ ನೌಕೆ ಮ್ಯೂಸಿಯಂ ಆಗಿ ನಿಂತಿದೆ, ಒಳಗೆ ಹೋಗಿ ನೋಡಬಹುದು. ಈಗ ಜೊತೆಗೆ ನೌಕಾಪಡೆಯ ಟುಪೊಲೆವ್ ವಿಮಾನವೂ ಬಂದಿದೆ. ಹೊನ್ನಾವರದ ಹತ್ತಿರದ ಕಾಸರಕೋಡಿನಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ. ಕೇರಳದ ಕಾಸರಗೋಡು ಅಲ್ಲ, ಮ್ಯಾಪ್‌ನಲ್ಲಿ ಹಾಕುವಾಗ ನೋಡಿಕೊಳ್ಳಿ, ಇನ್ನೂರು ಕಿಲೋಮೀಟರ್‌ಗೂ ಹೆಚ್ಚು ವ್ಯತ್ಯಾಸ ಆಗುತ್ತದೆ. ಈ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ, ಎರಡಕ್ಕೂ 2020ರ ಅಕ್ಟೋಬರ್‌ನಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ನೀರಿನ ಪರೀಕ್ಷೆ, ಶೌಚಾಲಯ, ಲೈಫ್‌ಗಾರ್ಡ್ ಸೇರಿ 33 ಷರತ್ತು ಪೂರೈಸಿದರೆ ಕೊಡುವ ಅಂತರರಾಷ್ಟ್ರೀಯ ಗುರುತು ಅದು. ಮಕ್ಕಳನ್ನು ನೀರಿಗೆ ಬಿಡಲೇಬೇಕು ಅಂದರೆ ಡಿಸೆಂಬರ್, ಜನವರಿಯಲ್ಲಿ ಈ ಎರಡರಲ್ಲಿ ಒಂದಕ್ಕೆ ಹೋಗಿ. ಎಲ್ಲಿ ಇಳಿಯಬೇಕು ಅಂತ ಹೇಳುವವರು ಅಲ್ಲಿ ಇರುತ್ತಾರೆ. ಇಂಗ್ಲೆಂಡಿನಲ್ಲೂ ಗೋವಾದಲ್ಲೂ ಇದಕ್ಕೆ ಒಂದೇ ಭಾಷೆ: ಅರ್ಧ ಕೆಂಪು ಅರ್ಧ ಹಳದಿ ಬಾವುಟ ಎರಡು ನೆಟ್ಟಿದ್ದರೆ ಅವುಗಳ ನಡುವೆ ಮಾತ್ರ ಇಳಿಯಬೇಕು. ಬರೀ ಕೆಂಪು ಇದ್ದರೆ ಕಾಲೂ ಇಡಬಾರದು.

ಮುರುಡೇಶ್ವರಕ್ಕೆ ನಮ್ಮ ಮನೆಗಳಲ್ಲಿ ಓಟು ಜಾಸ್ತಿ, ದೇವರೂ ಆಗುತ್ತದೆ, ಬೀಚೂ ಆಗುತ್ತದೆ. ಕಂದುಕ ಗುಡ್ಡದ ಮೇಲೆ 123 ಅಡಿಯ ಶಿವ, ಮೂರು ಕಡೆ ನೀರು, ಇಪ್ಪತ್ತು ಅಂತಸ್ತಿನ ಗೋಪುರದೊಳಗೆ ಲಿಫ್ಟ್. ಮೇಲಿನ ಕಿಟಕಿಯಿಂದ ಸಮುದ್ರ ನೋಡಿದರೆ, ನಾನು ಆಗ ಹೇಳಿದ ನೊರೆಯಿಲ್ಲದ ಪಟ್ಟಿಗಳು ಕೆಲವೊಮ್ಮೆ ಕಣ್ಣಿಗೆ ಕಾಣುತ್ತವೆ. ಮಕ್ಕಳಿಗೆ ಅಲ್ಲಿಂದಲೇ ತೋರಿಸಿ, ಆಮೇಲೆ ಕೆಳಗೆ ಇಳಿಯಿರಿ. ಗೋಕರ್ಣ, ಮರವಂತೆ ನಿಮಗೆ ಗೊತ್ತೇ ಇವೆ, ಬಿಟ್ಟುಬಿಡ್ತೀನಿ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕೇಳಿದರು, ಅವನ್ನೂ ಇಲ್ಲಿ ಸೇರಿಸ್ತಾ ಇದ್ದೀನಿ.

ಒಬ್ಬ ಅಕ್ಕ ಕೇಳಿದ್ದು: "ನಮಗೆ ರಜೆ ಸಿಗೋದೇ ಆಗಸ್ಟ್‌ನಲ್ಲಿ. ಹಾಗಾದರೆ ಹೋಗಲೇಬಾರದಾ?" ಹೋಗಿ ಅಕ್ಕಾ, ಆದರೆ ಬೇರೆ ಪಟ್ಟಿ ಹಿಡಿದು ಹೋಗಿ. ಮಳೆಗಾಲದ ಸಮುದ್ರವನ್ನು ರಸ್ತೆಯ ಮೇಲಿಂದ ನೋಡುವುದೇ ಒಂದು ಹಬ್ಬ. ಆ ಬಣ್ಣ, ಆ ಸದ್ದು ಡಿಸೆಂಬರ್‌ನಲ್ಲಿ ಸಿಗುವುದಿಲ್ಲ. ಉಡುಪಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿ ಇರುತ್ತದೆ. ಇಲ್ಲಿನ ದಹಿ ಹಂಡಿ ನೋಡಿದ ಮಕ್ಕಳಿಗೆ ಅಲ್ಲಿ ಮೊಸರು ಕುಡಿಕೆಯ ಜೊತೆ ಹುಲಿ ವೇಷದ ಕುಣಿತವೂ ಸಿಗುತ್ತದೆ. ಉಡುಪಿಯವರು ಸೌರಮಾನದ ಲೆಕ್ಕ ಹಿಡಿಯುವುದರಿಂದ ಕೆಲವು ವರ್ಷ ಅದು ನಮ್ಮ ಅಷ್ಟಮಿಗಿಂತ ತಡವಾಗಿ ಬರುತ್ತದೆ, ದಿನ ಖಾತ್ರಿ ಮಾಡಿಕೊಂಡು ಹೊರಡಿ. ಜೋಗ ತುಂಬಿ ಬೀಳುವುದೂ ಮಳೆಯಲ್ಲೇ, ಹೊನ್ನಾವರದಿಂದ ಘಾಟಿ ಹತ್ತಿದರೆ ಸಾಕು. ಬ್ಲ್ಯಾಕ್‌ಪೂಲ್‌ಗೆ ದೀಪ ಇದ್ದ ಹಾಗೆ ನಮ್ಮ ಕರಾವಳಿಗೆ ಹುಲಿ ವೇಷ ಇದೆ, ಜೋಗ ಇದೆ. ರಸ್ತೆಯ ಬಗ್ಗೆ ಮಾತ್ರ ಎಚ್ಚರ. ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದದ್ದು 2024ರ ಜುಲೈ 16ರಂದು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಆ ತಿಂಗಳುಗಳಲ್ಲಿ ರಾತ್ರಿ ಡ್ರೈವ್ ಇಟ್ಟುಕೊಳ್ಳಬೇಡಿ.

ಇನ್ನೊಬ್ಬರು, ಹೊಸದಾಗಿ ಮದುವೆಯಾದ ಹುಡುಗ, ಕೇಳಿದ್ದು ರೈಲಿನ ಬಗ್ಗೆ. ಕೊಂಢವಾದಿಂದ ಕಾರಿನಲ್ಲಿ ಆದರೆ ಕಾತ್ರಜ್ ದಾಟಿ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಊರಿಗೆ ಹೋಗುವ ದಾರಿಯೇ ಆದ್ದರಿಂದ ನಮಗೆ ರೂಢಿ ಇದೆ, ಕಾತ್ರಜ್ ಕೊಂಢವಾ ರಸ್ತೆ ದಾಟಲು ಬೇಕಾದ ತಾಳ್ಮೆಯೂ ಇದೆ. ಸುಸ್ತು ಬೇಡ ಅಂದರೆ ಪನ್ವೇಲ್‌ಗೆ ಹೋಗಿ ಮತ್ಸ್ಯಗಂಧಾ ಹಿಡಿಯಿರಿ. ಮುಂಬೈಯ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಮಧ್ಯಾಹ್ನ ಹೊರಡುತ್ತದೆ, ಕಾರವಾರ, ಮುರುಡೇಶ್ವರ, ಕುಂದಾಪುರ, ಉಡುಪಿ ಎಲ್ಲದಕ್ಕೂ ನಿಲ್ಲುತ್ತದೆ, ಬೆಳಗಾಗುವ ಹೊತ್ತಿಗೆ ಉಡುಪಿ ಕಡೆ ಇರ್ತೀರಿ. ಮಳೆಗಾಲಕ್ಕೆ ಕೊಂಕಣ ರೈಲ್ವೆಯ ವೇಳಾಪಟ್ಟಿ ಬೇರೆ, ನೋಡಿಕೊಳ್ಳಿ. ಮುಂಗಡ ಬುಕಿಂಗ್ ಈಗ 60 ದಿನಕ್ಕೆ ಇಳಿದಿದೆ. ಡಿಸೆಂಬರ್ ಕೊನೆಯ ವಾರಕ್ಕೆ ಬೇಕು ಅಂದರೆ ಅಕ್ಟೋಬರ್ ಕೊನೆಯ ವಾರ ಬೆಳಗ್ಗೆ ಎಂಟು ಗಂಟೆಗೆ ಲಾಗಿನ್ ಆಗಿ ಕೂತಿರಬೇಕು, ಸ್ಟ್ಯಾಂಡಪ್ ಕಾಲ್‌ಗಿಂತ ಮುಂಚೆ.